ಗಂಟೆ ಕಟ್ಟಿದ ಹಂದಿ

ಸಾಸ್ವೆಹಳ್ಳಿ
ಶುಕ್ರವಾರ, 21-8-1981

ಪ್ರೀತಿಯ ಹನುಮ,

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು, ಉತ್ತರ ಇವತ್ತು ಬರೆಯುತ್ತಿದ್ದೇನೆ. ತಡ ಮಾಡಿದ್ದಕ್ಕೆ ಬೈದುಕೋ. ಆದರೆ ಇರುವ ಬೈಗುಳವನ್ನೆಲ್ಲ ಈಗಲೇ ಮುಗಿಸಬೇಡ, ಈ ಕಾಗದದ ಕೊನೆಗೆ ಬರುವ ಹೊತ್ತಿಗೆ ಇನ್ನಷ್ಟು ಬೇಕಾಗುತ್ತದೆ. ಅವ್ವ ಚೆನ್ನಾಗಿದ್ದಾಳೆ. ಮೊಣಕಾಲಿನ ನೋವು ಹಾಗೇ ಇದೆ. ನೀನು ಕಳಿಸಿದ ಎಣ್ಣೆಯನ್ನು ಕಾಲಿಗೆ ಹಚ್ಚುವುದು ಬಿಟ್ಟು ಬಂದವರಿಗೆಲ್ಲ ಸೀಸೆ ತೋರಿಸುತ್ತಾಳೆ, ನನ್ನ ಮಗ ಕಳಿಸಿದ್ದು ಅಂತ. ಮುಚ್ಚಳ ಇನ್ನೂ ತೆಗೆದಿಲ್ಲ. ನನ್ನ ಹೆಂಡತಿ ಉಚ್ಚಂಗಮ್ಮ ನಿನ್ನ ಮನೆಯವರನ್ನೂ ಮಕ್ಕಳನ್ನೂ ಕೇಳಿದೆನೆಂದು ಬರೆಯಲು ಹೇಳಿದ್ದಾಳೆ. ಹೊಳೆ ತುಂಬಿ ಹರಿಯುತ್ತಿದೆ, ನಾವಿಬ್ಬರೂ ಈಜು ಕಲಿತ ಬಂಡೆ ಮುಳುಗಿದೆ.

ಅಂಚೆಗೆ ಹಾಕಿದರೆ ಇದು ಸೋಮವಾರದೊಳಗೆ ನಿನಗೆ ಮುಟ್ಟುವುದಿಲ್ಲ. ಅದಕ್ಕೇ ನಾಳೆ ಬೆಳಗ್ಗೆ ದಾವಣಗೆರೆ ಬಸ್ಸಿನ ಕಂಡಕ್ಟರ್ ತಿಪ್ಪೇಶಪ್ಪನ ಕೈಗೆ ಕೊಡುತ್ತೇನೆ. ಅವನ ಮನೆ ನಿಮ್ಮ ಜಗಳೂರಿನಲ್ಲೇ ಇರುವುದು ನಿನಗೆ ಗೊತ್ತಲ್ಲ.

ನೀನು ಬರೆದಿದ್ದನ್ನು ನಾಲ್ಕು ಸಲ ಓದಿದೆ. ಜೂನ್ ತಿಂಗಳಲ್ಲಿ ಅವ್ವನಿಗೆ ತಂದುಕೊಟ್ಟ ಎಂಟು ಬಿಳಿ ಸೀಮೆಹಂದಿ ಮರಿಗಳಿಗೆ ರಕ್ತಭೇದಿ ತಗುಲಿ ಐದು ಸತ್ತವು. ಆ ರೋಗ ನಿನ್ನ ಸರ್ಕಾರಿ ಹಂದಿ ಫಾರಮ್ಮಿನಿಂದಲೇ ಬಂದಿರಬೇಕೆಂದು ಸೋಮವಾರ ವಿಚಾರಣೆಗೆ ಬರುವ ಮೇಲಿನವರಿಗೆ ನೀನೇ ಬರೆದುಕೊಡುತ್ತೀಯಂತೆ. ಬರೆದುಕೊಟ್ಟರೆ ಜಗಳೂರಿನ ಸುತ್ತ ಹದಿನಾಲ್ಕು ಮನೆಗಳಿಗೆ ನೀನು ಹಂಚಿದ ಹಂದಿಗಳನ್ನೆಲ್ಲ ಕೊಲ್ಲಿಸಿ ಹೂಳಿಸುತ್ತಾರಂತೆ. ನಿನ್ನನ್ನು ಎಲ್ಲಿಗೆ ಎತ್ತಿ ಹಾಕುತ್ತಾರೋ ತಿಳಿಯದಂತೆ. ಕೊನೆಗೆ ಒಂದು ಮಾತು ಕೇಳಿದ್ದೀಯ: ಅವ್ವನ ಗೂಡಿನಲ್ಲಿ, ಕೇರಿಯ ಬೇರೆ ಯಾರ ಗೂಡಿನಲ್ಲಾದರೂ, ಮೊದಲೇ ಈ ರೋಗ ಇತ್ತೇ ಜಯ, ನಿನಗೆ ಗೊತ್ತಿದ್ದರೆ ಬರೆ.

ಉತ್ತರ ಒಂದು ಸಾಲಿನದು. ಅದನ್ನು ನೇರವಾಗಿ ಬರೆಯುವ ಎದೆ ಇದ್ದಿದ್ದರೆ ಹನ್ನೆರಡು ದಿನ ಆಗುತ್ತಿರಲಿಲ್ಲ. ಸುತ್ತು ಹಾಕಿ ಬರುತ್ತೇನೆ, ಸೈರಿಸಿಕೋ.

ಮೊದಲು ನಿನ್ನ ಕಾಗದಗಳ ವಿಷಯ. ಅವ್ವನಿಗೆ ಓದಲು ಬಾರದು. ಹದಿನಾರು ವರ್ಷದಿಂದ ನೀನು ಬರೆದ ಪ್ರತಿ ಕಾಗದವನ್ನೂ ಅವಳಿಗೆ ಓದಿ ಹೇಳಿದವನು ನಾನು. ಶಿವಮೊಗ್ಗದ ಹಾಸ್ಟೆಲ್ಲಿನ ಸಾರು ನೀರಾಗಿತ್ತು ಅಂತ ನೀನು ಬರೆದರೆ ಇಲ್ಲಿ ಅವಳು ಊಟ ಬಿಟ್ಟಳು, ಸಮಾಧಾನ ಹೇಳಿ ಉಣ್ಣಿಸಿದವನು ನಾನು. ನೀನು ಡಾಕ್ಟರ್ ಪರೀಕ್ಷೆ ಪಾಸಾದ ಕಾಗದವನ್ನು ಕೇರಿಯ ಏಳು ಮನೆಯಲ್ಲಿ ನನ್ನಿಂದ ಓದಿಸಿದಳು. ಕೊನೆಯಲ್ಲಿ ನೀನು ಆಶೀರ್ವಾದ ಬೇಡಿರುತ್ತೀಯ. ನಾನು ಅದನ್ನು ಓದುತ್ತೇನೆ, ಅವಳು ಕೈ ಎತ್ತಿ ಜಗಳೂರಿನ ದಿಕ್ಕಿಗೆ ತಿರುಗಿ ಹರಸುತ್ತಾಳೆ. ನಾನು ಎದುರಿಗೇ ಕೂತಿರುತ್ತೇನೆ.

ನಗಬೇಡ. ಹೊಟ್ಟೆಕಿಚ್ಚು ಅಂತ ಅದಕ್ಕೆ ಹೆಸರಿದೆ, ನನಗೂ ಗೊತ್ತು. ನನ್ನ ತಾಯಿ ಸತ್ತಾಗ ನನಗೆ ನಾಲ್ಕು ವರ್ಷ. ಪಕ್ಕದ ಮನೆಯಲ್ಲಿದ್ದ ನಿನ್ನ ತಾಯಿ ಮೂಕಮ್ಮ ನನ್ನನ್ನು ಸೊಂಟಕ್ಕೆ ಎತ್ತಿಕೊಂಡು ಹೋದವಳು ಮತ್ತೆ ಇಳಿಸಲಿಲ್ಲ. ನೀನು ಅವ್ವ ಅಂದೆ, ನಾನೂ ಅಂದೆ. ಒಂದೇ ತಟ್ಟೆಯಲ್ಲಿ ಉಂಡೆವು, ಒಂದೇ ಸ್ಲೇಟಿನ ಎರಡು ಕಡೆ ಬರೆದೆವು. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ನಿನಗಿಂತ ಹನ್ನೊಂದು ಮಾರ್ಕು ಜಾಸ್ತಿ ಬಂತು. ಆ ವರ್ಷ ಹೆಡ್‌ಮಾಸ್ಟರ್ ಷಣ್ಮುಖಪ್ಪನವರು ಶಿವಮೊಗ್ಗದ ಹಾಸ್ಟೆಲ್ಲಿಗೆ ಒಬ್ಬನನ್ನು ಸೇರಿಸಿಕೊಡುತ್ತೇನೆ, ಯಾರನ್ನು ಕಳಿಸುತ್ತೀ ಅಂತ ಅವ್ವನನ್ನು ಕೇಳಿದರು. ಅವ್ವ ನಿನ್ನನ್ನು ಕಳಿಸಿದಳು. ಹೆತ್ತ ಕರುಳು, ತಪ್ಪೇನಿದೆ ಅಂತ ನಾನು ಎಲ್ಲರೆದುರಿಗೂ ಹೇಳಿದೆ. ಆ ಮಾರ್ಕಿನ ವಿಷಯ ಎಂದೋ ಮರೆತಿದ್ದೇನೆ ಅಂತ ನಿನ್ನೆದುರಿಗೂ ಎಷ್ಟೋ ಸಲ ಅಂದಿದ್ದೇನೆ. ಮರೆತಿಲ್ಲ. ಮಾರ್ಕ್ಸ್ ಕಾರ್ಡು ನನ್ನ ಟ್ರಂಕಿನಲ್ಲಿ ಬಟ್ಟೆಯ ಅಡಿಗೆ ಈಗಲೂ ಇದೆ. ನೀನು ದನದ ಡಾಕ್ಟರಾದೆ, ನಾನು ದನದ ಆಸ್ಪತ್ರೆಯಲ್ಲಿ ಕಸ ಗುಡಿಸುತ್ತ ಸೇರಿ ಕಾಂಪೌಂಡರ್ ಆದೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಅವ್ವನ ಹಂದಿಗಳಿಗೆ ನಾನೇ ಮದ್ದು ಕೊಟ್ಟರೂ ಒಂದು ಸಲ ಹನುಮನನ್ನ ಕೇಳು ಅನ್ನುತ್ತಾಳೆ.

ಈಗ ಯುಗಾದಿಯ ಹೊತ್ತಿನ ಸಂಗತಿಗೆ ಬರುತ್ತೇನೆ. ಆಗ ನಿನಗೊಂದು ಕಾಗದ ಬರೆದಿದ್ದೆ. ಬೇರೆ ಊರಿನ ಯಾರೋ ಆಸ್ಪತ್ರೆಗೆ ಹಂದಿ ತಂದಿದ್ದರು, ಲೋಳೆಯೂ ರಕ್ತವೂ ಕೂಡಿದ ಭೇದಿ, ಜ್ವರ ಹೆಚ್ಚಿಲ್ಲ, ಬೆನ್ನು ಬಿಲ್ಲಾಗಿದೆ, ಪಕ್ಕೆ ಒಳಗೆ ಹೋಗಿದೆ ಅಂತ. ಹಳೇ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಶಾವಿಗೆ ಎಳೆಯನ್ನು ಸುರುಳಿ ಸುತ್ತಿದಂಥವು ಸಾವಿರಗಟ್ಟಲೆ ಹೊರಳಾಡುತ್ತಿವೆ, ಇವು ಏನು ಅಂತ ಕೇಳಿದ್ದೆ. ನೀನು ವಾರದೊಳಗೆ ಉತ್ತರ ಬರೆದೆ. ಅಷ್ಟು ಸಂಭ್ರಮದ ಕಾಗದವನ್ನು ನೀನು ಮದುವೆಯ ಹೊತ್ತಿನಲ್ಲೂ ಬರೆದಿರಲಿಲ್ಲ. ಅದು ಟ್ರೆಪೊನಿಮಾ ಜಾತಿಯ ಸುರುಳಿ ರೋಗಾಣು, ಹಂದಿಯ ದೊಡ್ಡ ಕರುಳಿನಲ್ಲಿ ಮನೆ ಮಾಡುತ್ತದೆ, ಅದಕ್ಕೆ ಹೆಸರಿಟ್ಟೇ ಹತ್ತು ವರ್ಷವಾಗಿಲ್ಲ ಅಂದೆ. ಮದ್ದಿನ ಪುಡಿ ಕಳಿಸಿದೆ. ಕೆಂಪು ಶಾಯಿಯಲ್ಲಿ ಗೆರೆ ಎಳೆದು ಒಂದು ಎಚ್ಚರಿಕೆಯನ್ನೂ ಬರೆದೆ: ಗುಣವಾದ ಹಂದಿಯನ್ನು ನಂಬಬೇಡ, ಮೈ ತುಂಬಿಕೊಂಡು ಚೆನ್ನಾಗಿ ಕಂಡರೂ ಎರಡು ಮೂರು ತಿಂಗಳು ರೋಗವನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಳಿದವಕ್ಕೆ ಹಂಚುತ್ತಿರುತ್ತದೆ, ಬೇರೆ ಕಟ್ಟು, ಗೂಡಿನ ಇಲಿಗಳನ್ನೂ ಓಡಿಸು.

ಹಂದಿ ಸತ್ತಿತು ಅಂತ ನಿನಗೆ ಮತ್ತೆ ಬರೆದೆ. ಸತ್ತಿರಲಿಲ್ಲ ಹನುಮ. ಅದು ಆಸ್ಪತ್ರೆಗೆ ಯಾರೋ ತಂದ ಹಂದಿಯೂ ಅಲ್ಲ. ಅದು ನನ್ನದೇ, ಎರಡು ಸೂಲು ಮರಿ ಹಾಕಿದ ನನ್ನ ಕಪ್ಪು ಹಂದಿ. ಕಾಂಪೌಂಡರ್ ಮನೆಯ ಹಂದಿಗೇ ಭೇದಿಯಂತೆ ಅಂತ ಕೇರಿ ನಗುತ್ತದೆಂದು ಹಿತ್ತಲಲ್ಲಿ ತಡಿಕೆ ಕಟ್ಟಿ ಬಚ್ಚಿಟ್ಟಿದ್ದೆ. ನಿನ್ನ ಪುಡಿಯಿಂದಲೇ ಬದುಕಿತು.

ಆಮೇಲೆ ನೀನು ದಾವಣಗೆರೆಯಲ್ಲಿ ಡಾಕ್ಟರುಗಳ ಸಭೆಯಲ್ಲಿ ಇದರ ಬಗ್ಗೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದೆಯಂತೆ. ನಮ್ಮ ಡಾಕ್ಟರು ಅಲ್ಲಿಗೆ ಹೋಗಿದ್ದವರು ಬಂದು ಹೇಳಿದರು. ನಮ್ಮ ಹೊನ್ನಾಳಿ ಕಡೆಯಿಂದ ಬಂದ ಒಂದು ಮಾದರಿಯಲ್ಲಿ ಕಂಡಿದೆ ಅಂದೆಯಂತೆ. ಅಲ್ಲಿ ಕಾಂಪೌಂಡರ್ ಹೆಸರು ಹೇಳುವ ಪದ್ಧತಿ ಇಲ್ಲವೆಂದು ನನಗೂ ತಿಳಿಯುತ್ತದೆ. ಆದರೆ ಆ ರಾತ್ರಿ ಉಚ್ಚಂಗಮ್ಮ ಮುದ್ದೆ ಇಕ್ಕಿದರೆ ನನಗೆ ಸೇರಲಿಲ್ಲ. ಕಣ್ಣಿಟ್ಟು ನೋಡಿದವನು ನಾನು, ಕಂಡವನು ನೀನು.

ಇನ್ನು ಬಿಳಿ ಮರಿಗಳು. ನೀನು ತರುತ್ತೀಯೆಂದು ಗೊತ್ತಾದ ದಿನವೇ ಅವ್ವ ನನ್ನ ಮನೆಗೆ ಬಂದಳು. ನಮ್ಮ ಕೇರಿಯ ರೀತಿ ನಿನಗೆ ನೆನಪಿರಬೇಕು. ಹೊಸ ಮರಿಗಳನ್ನು ಹೊಳೆದಂಡೆಗೆ ಮೇಯಲು ಬಿಟ್ಟರೆ ಅವಕ್ಕೆ ಸಂಜೆ ಮನೆ ತಿಳಿಯುವುದಿಲ್ಲ, ಅದಕ್ಕೆ ಹಳೆಯ ತಾಯಿಹಂದಿಯೊಂದಕ್ಕೆ ಗಂಟೆ ಕಟ್ಟಿ ಜೊತೆಗೆ ಬಿಡುತ್ತಾರೆ. ಗಂಟೆಯ ಸದ್ದಿನ ಹಿಂದೆ ಮರಿಗಳು ಹೋಗುತ್ತವೆ, ಬರುತ್ತವೆ, ಅದರ ಜೊತೆಗೇ ಮಲಗುತ್ತವೆ. ಅವ್ವನ ಗಂಟೆಹಂದಿ ಚಳಿಗಾಲದಲ್ಲಿ ಸತ್ತಿತ್ತು. ನಿನ್ನ ಕಪ್ಪಂದಿಗೆ ಕಟ್ಟು ಅಂತ ಗಂಟೆ ತಂದು ನನ್ನ ಕೈಗೆ ಕೊಟ್ಟಳು.

ನನ್ನನ್ನು ಪೂರಾ ಕೆಟ್ಟವನೆಂದು ತಿಳಿಯಬೇಡ. ಕಾರಹುಣ್ಣಿಮೆಯ ಹಿಂದಿನ ದಿನ ಪೆನ್ಸಿಲಿನ್ ಬಾಟಲಿಯಲ್ಲಿ ಅದರ ಮಲ ತೆಗೆದುಕೊಂಡು ಹೋಗಿ ನೋಡಿದೆ. ಮೊದಲಿನಷ್ಟಿಲ್ಲ, ಆದರೂ ಇದ್ದವು, ಹೊರಳುತ್ತಿದ್ದವು. ಗಾಜಿನ ಮೇಲೆ ಸವರಿ ಬಣ್ಣ ಹಾಕಿ ಒಣಗಿಸಿದೆ, ಕಾಗದ ಸುತ್ತಿ ತಾರೀಖು ಬರೆದೆ. ನಾಳಿದ್ದು ಹನುಮ ಬಂದಾಗ ಎಲ್ಲ ಹೇಳಿಬಿಡುವುದು, ಬೇರೆ ಯಾರದ್ದಾದರೂ ಹಂದಿಗೆ ಗಂಟೆ ಕಟ್ಟಿಸುವುದು ಅಂತ ತೀರ್ಮಾನ ಮಾಡಿಕೊಂಡೇ ಅವತ್ತು ಮಲಗಿದೆ.

ಹುಣ್ಣಿಮೆಯ ಮಾರನೇ ದಿನ ನಿನ್ನ ವ್ಯಾನು ಬಂತು. ಅವ್ವ ಹೊಸ ಸೀರೆ ಉಟ್ಟಿದ್ದಳು. ಎಂಟು ಮರಿಗಳಿಗೂ ಬಿಸಿನೀರು ಹಾಕಿ ತೊಳೆದು, ಹುಡುಗಿಯರಿಗೆ ಇಡುವಂತೆ ಹಣೆಗೆ ಕುಂಕುಮ ಇಟ್ಟಳು. ನೀನು ಮೂರು ವಾರ ಇವನ್ನು ಬೇರೆ ಇಡಬೇಕವ್ವ ಅಂದೆ. ಅವ್ವ ಗಂಟೆಹಂದಿ ಇಲ್ಲದಿದ್ದರೆ ಹೊಳೆ ಪಾಲಾಗುತ್ತವೆ ಅಂತ ಹಟ ಹಿಡಿದಳು. ಯಾರ ಹಂದಿ ಅಂತ ನೀನು ಕೇಳಿದೆ. ನನ್ನದು ಅಂದಾಗ ನಿನ್ನ ಮುಖ ಸಡಿಲವಾಯಿತು.

“ಜಯನ ಹಂದಿ ಆದ್ರೆ ಚಿಂತೆ ಇಲ್ಲ ಬಿಡವ್ವ” ಅಂದೆ.

ಆಗಲೇ ಬಾಯಿ ಬಿಡಬೇಕಾಗಿತ್ತು. ಬಿಡಲು ಹೊರಟೆ ಕೂಡ. ಅಷ್ಟರಲ್ಲಿ ನಿನ್ನ ಜೊತೆ ಬಂದಿದ್ದ ಆಫೀಸರು ನನ್ನ ಕಡೆ ಕೈ ತೋರಿಸಿ ಇವರು ಯಾರಮ್ಮ ಅಂತ ಅವ್ವನನ್ನು ಕೇಳಿದರು.

“ಇವ್ನು ಜಯಪ್ಪ, ದನದ ಆಸ್ಪತ್ರೇಲಿ ಸೂಜಿ ಹಾಕ್ತಾನೆ” ಅಂದಳು ಅವ್ವ. ಆಮೇಲೆ ನಿನ್ನ ತೋಳು ಹಿಡಿದುಕೊಂಡು, “ಇವ್ನು ನನ್ ಮಗ” ಅಂದಳು.

ನೀನು ನಕ್ಕೆ. ಆಫೀಸರು ನಕ್ಕರು. ನಾನೂ ನಕ್ಕೆ. ನಗುತ್ತಲೇ ಮನೆಗೆ ಹೋದೆ, ಫಿನಾಯಿಲ್ ನೀರಿನಲ್ಲಿ ಹಂದಿಯ ಗೊರಸು ತೊಳೆದೆ, ಕೊರಳಿಗೆ ಗಂಟೆ ಕಟ್ಟಿದೆ. ಉಚ್ಚಂಗಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು.

“ಆ ಹಂದಿ ಬ್ಯಾಡ್ರಿ. ಬ್ಯಾರೆ ಯಾರ್ದಾದ್ರೂ ಕೊಡ್ಸೋಣ” ಅಂದಳು.

“ಗುಣ ಆಗೈತೆ, ಸುಮ್ನಿರು” ಅಂದೆ.

ಇದೇ ನೋಡು ನೀನು ಕೇಳಿದ ಒಂದು ಸಾಲು. ರೋಗ ನಿನ್ನ ಫಾರಮ್ಮಿನಿಂದ ಬರಲಿಲ್ಲ. ನನ್ನ ಹಂದಿಯಿಂದ ಬಂತು, ಅದರ ಹೊಟ್ಟೆಯಲ್ಲಿ ಇದೆಯೆಂದು ಗೊತ್ತಿದ್ದೇ ನಾನು ಕೊಟ್ಟೆ. ಎಲ್ಲ ಸಾಯಬೇಕೆಂದು ಬಯಸಲಿಲ್ಲ. ಒಂದೆರಡು ಮಂಕಾಗಲಿ, ಡಾಕ್ಟರು ತಂದದ್ದೂ ಮಂಕಾಗುತ್ತದೆ ಅಂತ ಅವ್ವನಿಗೆ ತಿಳಿಯಲಿ, ಆಗ ನಾನೇ ನಿಂತು ಗುಣ ಮಾಡುತ್ತೇನೆ ಅಂದುಕೊಂಡಿದ್ದೆ. ಬರೆಯುವಾಗ ನನಗೇ ನಾಚಿಕೆಯಾಗುತ್ತಿದೆ.

ಹನ್ನೆರಡನೇ ದಿನ ಮೊದಲನೆಯದು ಮಲಗಿತು. ನಾಡಹಂದಿ ತಡೆದುಕೊಂಡಂತೆ ಸೀಮೆ ಮರಿಗಳು ತಡೆದುಕೊಳ್ಳಲಿಲ್ಲ. ಬಿಳಿಯ ಮೈ, ಹಿಂಗಾಲಿನ ತುಂಬ ಕೆಂಪು. ಮಿಕ್ಕ ಪುಡಿಯನ್ನೆಲ್ಲ ಸುರಿದೆ, ಮೂರು ದಿನ ಆಸ್ಪತ್ರೆಗೆ ರಜೆ ಹಾಕಿ ಗೂಡಿನಲ್ಲೇ ಇದ್ದೆ. ಅವ್ವ ಒಂದೊಂದು ಮರಿಯ ತಲೆಯನ್ನೂ ತೊಡೆಯ ಮೇಲಿಟ್ಟುಕೊಂಡು ಗಂಜಿ ನೀರು ಹಾಕಿದಳು. ಐದು ಹೋದವು. ಐದನೆಯದನ್ನು ಹೂತು ಬಂದ ಮೇಲೆ ಅವಳು ಸೆರಗಿನಿಂದ ನನ್ನ ಮುಖ ಒರೆಸಿ ನೀನಾದರೂ ಉಣ್ಣು ಅಂದಳು. ನನಗೆ ಆಗ ಅವಳ ಮುಖ ನೋಡಲಾಗಲಿಲ್ಲ.

ಜುಲೈಯಲ್ಲಿ ನೀನು ಬಂದೆ. ನಿನ್ನ ಹಂದಿಗೇನೂ ಇರಲಿಲ್ಲ ಅಲ್ವಾ ಜಯ ಅಂತ ಒಂದೇ ಸಲ ಕೇಳಿದೆ. ನಾನು ಇರಲಿಲ್ಲ ಅಂದೆ, ಅವ್ವನೂ ಏನೂ ಇರಲಿಲ್ಲಪ್ಪ ಅಂದಳು. ನೀನು ಎರಡನೇ ಸಲ ಕೇಳಲಿಲ್ಲ. ಈಗಿನ ಕಾಗದದಲ್ಲೂ ಕೇರಿಯ ಎಲ್ಲರ ಹಂದಿಯನ್ನೂ ಕೇಳಿದ್ದೀಯ, ನನ್ನದನ್ನು ಮಾತ್ರ ಕೇಳಿಲ್ಲ. ಹದಿನಾರು ವರ್ಷ ನಿನ್ನ ಮೇಲೆ ಕಿಚ್ಚು ಪಟ್ಟವನಿಗೆ ನಿನ್ನ ಈ ನಂಬಿಕೆಯ ಮೇಲೂ ಕಿಚ್ಚು ಬಂತು. ಅಷ್ಟು ಸಲೀಸಾಗಿ ಒಬ್ಬನನ್ನು ನಂಬಲು ನನ್ನಿಂದ ಆಗುವುದಿಲ್ಲವಲ್ಲ ಅಂತ.

ನಿನ್ನ ಕಾಗದವನ್ನು ಹತ್ತು ದಿನ ಅವ್ವನಿಗೆ ಓದಿ ಹೇಳಲೇ ಇಲ್ಲ. ಹನುಮನ ಕಾಗದ ಬಂತೇ ಅಂತ ದಿನಾ ಕೇಳುತ್ತಿದ್ದಳು, ಇಲ್ಲ ಅನ್ನುತ್ತಿದ್ದೆ. ಮೊನ್ನೆ ಬುಧವಾರ ತಡೆಯಲಾಗದೆ ತೆಗೆದು ಓದಿದೆ. ಹದಿನಾಲ್ಕು ಮನೆ ಅನ್ನುವಲ್ಲಿ ನಿಲ್ಲಿಸಿ ಎಷ್ಟು ಅಂದೆ ಅಂತ ಕೇಳಿದಳು. ಮತ್ತೆ ಹೇಳಿದೆ. ಹದಿನಾಲ್ಕು ಮನೆಯಲ್ಲೂ ನನ್ನಂಥ ಒಬ್ಬಳು ಇರುತ್ತಾಳಲ್ಲೋ ಅಂದಳು. ಮೊರದಲ್ಲಿದ್ದ ರಾಗಿಯಲ್ಲಿ ಕೈಯಾಡಿಸಿದಳು.

“ಗಂಟೆ ಕಟ್ಟಿದ ದಿನ ನಿನ್ನ ಹಂದಿ ಕಾಲು ಫಿನಾಯಿಲ್ ನಾರ್ತಿತ್ತು. ಹುಷಾರಾಗಿರೋ ಹಂದಿ ಕಾಲಿಗೆ ಯಾರು ಫಿನಾಯಿಲ್ ಹಾಕ್ತಾರೆ?” ಅಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ನನ್ನ ಕೈ ಮೂಸಿ ನೋಡಿಕೊಂಡೆ ಕಣೋ. ಮೊದಲನೇ ಮರಿ ಲೋಳೆ ಹಾಕಿದ ದಿನವೇ ಅವಳಿಗೆ ಎಲ್ಲ ಹೊಂದಿಕೆಯಾಗಿತ್ತಂತೆ. ನಲವತ್ತು ವರ್ಷ ಹಂದಿ ಸಾಕಿದವಳು. ಹಾಗಾದರೆ ಹನುಮ ಬಂದಾಗ ಯಾಕೆ ಹೇಳಲಿಲ್ಲ, ಅವನು ಕೇಳಿದಾಗ ಏನೂ ಇರಲಿಲ್ಲಪ್ಪ ಅಂತ ಯಾಕೆ ಅಂದೆ ಅಂತ ಕೇಳಿದೆ.

“ನೀನು ಎದುರಿಗೇ ನಿಂತಿದ್ದೆ, ನೀನೇ ಹೇಳ್ತೀಯ ಅಂತ ಕಾದೆ. ನಾನು ಹೇಳಿದ್ರೆ ಅವ್ನು ಮತ್ತೆ ನಿನ್ನ ಮುಖ ನೋಡಲ್ಲ. ನೀನೇ ಹೇಳಿದ್ರೆ ಇವತ್ತಲ್ಲ ನಾಳೆ ನೋಡ್ತಾನೆ. ಬರಿ.”

ಉಪ್ಪು ತಿಂದವನು ನೀರು ಕುಡಿಯಲೇಬೇಕು. ಈ ಕಾಗದದ ಜೊತೆ ಆ ಗಾಜನ್ನು ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿಟ್ಟು ಕಳಿಸುತ್ತಿದ್ದೇನೆ. ಸುತ್ತಿದ ಕಾಗದದ ಮೇಲೆ 16-6-81 ಅಂತ ನನ್ನ ಅಕ್ಷರದಲ್ಲೇ ಇದೆ, ನಿನ್ನ ಮರಿಗಳು ಇಲ್ಲಿಗೆ ಬರುವ ಎರಡು ದಿನ ಮೊದಲಿನದು. ಸೋಮವಾರ ಅದನ್ನೂ ಈ ಕಾಗದವನ್ನೂ ಅವರ ಮುಂದಿಡು. ನಾನೂ ಮೊದಲ ಬಸ್ಸಿಗೆ ಬಂದು ಹೊರಗೆ ಕೂತಿರುತ್ತೇನೆ, ಕರೆದರೆ ಒಳಗೆ ಬಂದು ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ, ಸೂಜಿ ಹಾಕುವವನಿಗೆ ಕೇರಿಯಲ್ಲಿ ಅನ್ನ ಹುಟ್ಟುತ್ತದೆ. ಆ ಹದಿನಾಲ್ಕು ಮನೆಗೆ ಯಾರನ್ನೂ ಕಳಿಸಗೊಡಬೇಡ. ಗಂಟೆಯನ್ನು ಬಿಚ್ಚಿ ಅವ್ವನಿಗೆ ಕೊಟ್ಟಿದ್ದೇನೆ. ಕಪ್ಪಂದಿಯನ್ನು ಹಿತ್ತಲಲ್ಲಿ ಬೇರೆ ಕಟ್ಟಿದ್ದೇನೆ, ಅದನ್ನು ಏನು ಮಾಡಬೇಕೆಂದು ನೀನೇ ಹೇಳು. ಉಳಿದ ಮೂರು ಬಿಳಿ ಮರಿಗಳು ಚೇತರಿಸಿಕೊಂಡಿವೆ, ಆದರೆ ನೀನೇ ಬರೆದಂತೆ ಅವನ್ನೂ ನಂಬುವಂತಿಲ್ಲ.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ, ನಿನ್ನ ಮನೆಯವರಿಗೆ ನಮಸ್ಕಾರ. ಅವ್ವ ನಿನ್ನನ್ನು ಹರಸಿದ್ದಾಳೆ, ನಿನಗೆ ಒಳ್ಳೆಯದೇ ಆಗಲಿ ಅಂದಿದ್ದಾಳೆ. ಈ ಸಲ ನಾನೂ ಅವಳ ಜೊತೆ ಜಗಳೂರಿನ ಕಡೆ ತಿರುಗಿ ಕೈ ಎತ್ತಿದೆ.

ಇಂತಿ,
ಗೆಳೆಯ ಅಂತ ಹಾಕಲು ಇವತ್ತು ಧೈರ್ಯ ಬಾರದ
ಜಯಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇಷ್ಟನ್ನೂ ಅವ್ವನಿಗೆ ಓದಿ ಹೇಳಿದೆ. ಆಫೀಸರ ಮಾತಿನ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡಳು. ತಾನು ಹಾಗೆ ಅಂದದ್ದು ಅವಳಿಗೆ ನೆನಪೇ ಇಲ್ಲ. ಪೂರ್ತಿ ಕೇಳಿದ ಮೇಲೆ ಆ ಹನ್ನೊಂದು ಮಾರ್ಕಿನ ಸಾಲನ್ನು ಇನ್ನೊಂದು ಸಲ ಓದು ಅಂದಳು. ಓದಿದೆ.

“ಮೇಷ್ಟ್ರು ನಿನ್ನೇ ಕಳ್ಸು ಅಂದಿದ್ರು ಕಣಪ್ಪ. ಜಯಪ್ಪಗೆ ಮಾರ್ಕು ಜಾಸ್ತಿ ಐತೆ, ಅವ್ನೇ ಮುಂದೆ ಬರ್ತಾನೆ ಅಂದ್ರು. ನಾನೇ ಆಗಲ್ಲ ಅಂದೆ. ಹೆತ್ತೋನು ಎಲ್ಲಿಗೆ ಹೋದ್ರೂ ತಿರುಗಿ ಬರ್ತಾನೆ. ನೀನು ಹೋಗಿದ್ರೆ ಯಾತಕ್ಕೆ ಬರ್ತಿದ್ದೆ? ನಿನ್ನ ಬಿಟ್ಟಿರಾಕೆ ನನ್ ಕೈಲಿ ಆಗ್ತಿರ್ಲಿಲ್ಲ. ಅದಕ್ಕೆ ಅವ್ನನ್ನ ಕಳ್ಸಿದೆ” ಅಂದಳು.

ಹದಿನಾರು ವರ್ಷ ಹನುಮ. ನನ್ನ ಓದನ್ನು ಕಿತ್ತುಕೊಂಡಿದ್ದು ನೀನಲ್ಲ, ನನ್ನ ಮೇಲಿನ ಅವಳ ಆಸೆ. ಅವಳ ಕಾಲು ಹಿಡಿದುಕೊಳ್ಳಬೇಕೋ ಅವಳ ಮೇಲೆ ಕೂಗಾಡಬೇಕೋ ನನಗೆ ತಿಳಿಯಲಿಲ್ಲ. ನೀನು ಕಳಿಸಿದ ಎಣ್ಣೆಯ ಮುಚ್ಚಳ ತೆಗೆದು ಅವಳ ಮೊಣಕಾಲಿಗೆ ಹಚ್ಚುತ್ತ ಕೂತೆ.

ಇದೊಂದನ್ನು ಹನುಮನಿಗೆ ಬರೀಬ್ಯಾಡ, ಅವ್ನಿಗೆ ಹೊಟ್ಟೆ ಉರೀತೈತೆ ಅಂದಳು. ಆಗಲಿ ಅವ್ವ ಅಂದೆ. ನೋಡು, ಬರೆದುಬಿಟ್ಟೆ.